ರಸ್ತೆಯಿಂದ ಅಳೆದ ಮನೆಗಳು

ಮೇಸ್ತ್ರಿ ತೀರಿಕೊಂಡು ಎರಡು ತಿಂಗಳಾದ ಮೇಲೆ, ಅವರ ಮನೆಯ ತೆರಿಗೆಯನ್ನು ಹೆಂಡತಿಯ ಹೆಸರಿಗೆ ಬದಲಾಯಿಸಿಕೊಡಬೇಕೆಂಬ ಅರ್ಜಿ ನನ್ನ ಮೇಜಿಗೆ ಬಂತು. ಧರ್ಮಪುರಿ ಕಡೆಯ ನಮ್ಮ ಪಟ್ಟಣ ಪಂಚಾಯಿತಿಯಲ್ಲಿ ಆ ವಾರ್ಡಿನ ಬಿಲ್ ಕಲೆಕ್ಟರ್ ನಾನು. ಇಂಥ ಅರ್ಜಿಗೆ ಮನೆ ನೋಡಬೇಕೆಂಬ ನಿಯಮವಿಲ್ಲ. ಮರಣ ಪ್ರಮಾಣಪತ್ರ, ವಾರಸುದಾರರ ಪತ್ರ, ಕೊನೆಯ ಸಲ ಕಟ್ಟಿದ ರಸೀದಿ ಇದ್ದರೆ ಸಹಿ ಹಾಕಿ ಮೇಲಕ್ಕೆ ಕಳಿಸಬಹುದು. ಮೂರೂ ಇದ್ದವು. ಆದರೂ ನಾನು ಸಹಿ ಹಾಕಲಿಲ್ಲ. ಡ್ರಾಯರಿನಿಂದ ಟೇಪು ತೆಗೆದುಕೊಂಡು ಎದ್ದೆ. ಯಾಕೆ ಎದ್ದೆ ಎಂಬುದನ್ನು ಹೇಳಬೇಕಾದರೆ ಆ ಮನುಷ್ಯನ ವಿಷಯ ಮೊದಲು ಹೇಳಬೇಕು.

ಊರಿನಲ್ಲಿ ಮನೆ ಕಟ್ಟುವ ಮೇಸ್ತ್ರಿಗಳು ಹತ್ತಾರು ಮಂದಿ ಇದ್ದಾರೆ. ಆದರೆ ಬರೀ ‘ಮೇಸ್ತ್ರಿ’ ಎಂದರೆ ಅವರೊಬ್ಬರೇ. ಕುಳ್ಳು ಮೈ. ಬಲಗಡೆಯ ಭುಜ ಎಡಗಡೆಯದಕ್ಕಿಂತ ಎರಡು ಬೆರಳಷ್ಟು ತಗ್ಗು. ಚಿಕ್ಕಂದಿನಲ್ಲಿ ಗಾರೆಯ ಬಾಂಡ್ಲಿ ಹೊತ್ತ ಗುರುತು. ಕಿವಿಯ ಮೇಲೆ ಚಪ್ಪಟೆ ಪೆನ್ಸಿಲ್. ಯಾರ ಮನೆಗೆ ಹೋದರೂ ಕೂರುವ ಮೊದಲು ಬೆರಳಿನ ಗೆಣ್ಣಿನಿಂದ ಗೋಡೆಗೆ ಎರಡು ಸಲ ತಟ್ಟುತ್ತಿದ್ದರು, ತಲೆಯನ್ನು ಸ್ವಲ್ಪ ವಾಲಿಸಿ ಸದ್ದು ಕೇಳುತ್ತಿದ್ದರು. ತಂಗಿಯ ಮಗನಿಗೆ ಹೆಣ್ಣು ನೋಡಲು ಮೊರಪ್ಪೂರಿಗೆ ಹೋದಾಗಲೂ ಹೀಗೆ ತಟ್ಟಿ, “ಒಳಗೆ ಗಾರೆ ಇಡ್ಕೊಂಡಿಲ್ಲ, ಟೊಳ್ಳು” ಅಂದುಬಿಟ್ಟರಂತೆ. ಹೆಣ್ಣಿನ ತಂದೆ ಆ ಮಾತನ್ನು ಬೇರೆ ಅರ್ಥದಲ್ಲಿ ತೆಗೆದುಕೊಳ್ಳದೆ ಗೋಡೆ ಒಡೆಸಿ ನೋಡಿದರಂತೆ. ಟೊಳ್ಳೇ ಇತ್ತು. ಸಂಬಂಧವೂ ಕೂಡಿತು, ಮದುವೆಗೆ ಮುಂಚೆ ಗೋಡೆಯ ಕೆಲಸವೂ ಮೇಸ್ತ್ರಿಗೇ ಸಿಕ್ಕಿತು.

ಅವರು ಹುಟ್ಟಿದ್ದು ಕೊಳತ್ತೂರಿನ ಕಡೆ. ತಂದೆ ಮೇಟೂರು ಅಣೆಯ ನೀರಿನಲ್ಲಿ ಮೀನು ಹಿಡಿಯುತ್ತಿದ್ದವರು. ಒಂದೊಂದು ಮಾರಿಗೆ ಒಂದೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಬಲೆ ಬೀಸುವ ಜಾಗದ ಆಳ ನೋಡುತ್ತಿದ್ದರಂತೆ. ದಿನಾ ಬೀಸುವ ಜಾಗವಾದರೂ ದಿನಾ ಹಗ್ಗ ಇಳಿಯಬೇಕು. “ಮೇಲೆ ನಿಂತು ಆಳ ಇಷ್ಟು ಅಂತ ಏಳಬ್ಯಾಡ ಅಂತ ನಮ್ಮಪ್ಪ ಬಯ್ಯೋರು,” ಎಂದು ಮೇಸ್ತ್ರಿ ಹೇಳುತ್ತಿದ್ದರು. ಅದನ್ನೊಂದು ದೊಡ್ಡ ಮಾತೆಂದು ಅವರು ಹೇಳುತ್ತಿರಲಿಲ್ಲ. ಅಪ್ಪ ಬಯ್ಯುತ್ತಿದ್ದುದನ್ನು ನೆನೆಸಿಕೊಂಡು ನಗುತ್ತಿದ್ದರು, ಅಷ್ಟೆ.

ಅವರ ಟೇಪು ಸೇಲಂನಲ್ಲಿ ಕೊಂಡದ್ದು, ಉಕ್ಕಿನದು. ತುದಿಯ ಕೊಕ್ಕೆ ಸವೆದು ಅಲ್ಲಾಡುತ್ತಿತ್ತು. ಹಾಗಾಗಿ ಅವರು ಅಳತೆಯನ್ನು ತುದಿಯಿಂದ ಹಿಡಿಯುತ್ತಿರಲಿಲ್ಲ. ಒಂದಡಿಯ ಗೆರೆಯನ್ನು ಗೋಡೆಗೆ ಒತ್ತಿ ಹಿಡಿದು, ಆ ಕಡೆ ಬಂದ ಅಂಕಿಯಲ್ಲಿ ಒಂದಡಿ ಕಳೆಯುತ್ತಿದ್ದರು. ಹೊಸ ಟೇಪು ಕೊಂಡ ಮೇಲೂ ಅದೇ ಅಭ್ಯಾಸ. ಲೆಕ್ಕವನ್ನು ಒಂದು ಸಣ್ಣ ಡೈರಿಯಲ್ಲಿ ಬರೆದಿಡುತ್ತಿದ್ದರು. ಭಾಷೆ ನಮ್ಮ ಮನೆಯ ‘ಹ’ಕಾರವಿಲ್ಲದ ಕನ್ನಡ, ಅಕ್ಷರ ತಮಿಳು. ನಮ್ಮ ಕಡೆಯ ಹಳಬರಲ್ಲಿ ಬರೆಯಬಲ್ಲವರು ಬರೆಯುವುದು ಹೀಗೆಯೇ. ಶಾಲೆಯಲ್ಲಿ ಕಲಿತ ಅಕ್ಷರ ಅದೊಂದೇ.

ಅವರು ಕಟ್ಟಿದ ಮನೆಗಳಲ್ಲಿ ಒಂದು ಪದ್ಧತಿ ಇತ್ತು. ಮನೆಯನ್ನು ಪೂರ್ತಿ ಮುಗಿಸುತ್ತಿರಲಿಲ್ಲ. ಎಲ್ಲೋ ಒಂದು ಕಡೆ, ಬಾಗಿಲ ಹಿಂದೆಯೋ ಮೆಟ್ಟಿಲ ಕೆಳಗೋ, ಒಂದು ಮೊಳ ಗೋಡೆಗೆ ಗಾರೆ ಬಳಿಯದೆ ಇಟ್ಟಿಗೆ ಕಾಣುವಂತೆ ಬಿಡುತ್ತಿದ್ದರು. “ಮನೆ ಮುಗೀತು ಅನ್ನಬಾರ್ದು. ಮುಗೀತು ಅಂದ್ರೆ ದೃಷ್ಟಿ ಬೀಳ್ತದೆ. ಇನ್ನೂ ಕೆಲ್ಸ ಐತೆ ಅಂತಿರ್ಬೇಕು.” ನಮ್ಮ ಜನರಲ್ಲಿ ಇದು ಮೊದಲಿನಿಂದಲೂ ಇದೆ. ನನ್ನ ಮನೆಯಲ್ಲೂ ಅಡುಗೆಮನೆಯ ಬಾಗಿಲ ಹಿಂದೆ ಅಂಥದ್ದೊಂದು ತುಂಡು ಇದೆ. ಬೇರೆ ಮೇಸ್ತ್ರಿಗಳು ಈಗ ಅದನ್ನು ಬಿಟ್ಟುಬಿಟ್ಟಿದ್ದಾರೆ. ಇವರು ಬಿಡಲಿಲ್ಲ.

ಪಾಲಕೋಡಿನ ಸುತ್ತ ಟೊಮೇಟೊ ಮಂಡಿಗಳು ಬೆಳೆದ ಮೇಲೆ ನಮ್ಮೂರಿನ ಬೈಪಾಸ್ ಕಡೆ ಒಂದು ಹೊಸ ಬೀದಿಯೇ ಎದ್ದಿತು. ಮೂರು ಅಂತಸ್ತಿನ ಮನೆಗಳು, ಎರಡಾಳೆತ್ತರದ ಕಂಬಗಳು, ಮುಂದೆ ಎರಡು ಕಾರು ನಿಲ್ಲುವ ಪೋರ್ಟಿಕೊ, ಒಳಗೆ ಲಿಫ್ಟು. ಅವುಗಳಲ್ಲಿ ಹೆಚ್ಚಿನವನ್ನು ಕಟ್ಟಿದವರು ಮೇಸ್ತ್ರಿ. ಎಲ್ಲಕ್ಕಿಂತ ದೊಡ್ಡದು ಮಂಡಿ ಅಕ್ಕನದು. ಗಂಡನಿಗೆ ಕೈಕಾಲು ಬಿದ್ದ ಮೇಲೆ ಟೊಮೇಟೊ ಮಂಡಿಯನ್ನು ಆಕೆಯೇ ನಡೆಸುತ್ತಾರೆ. ಬೆಳಗಿನ ಜಾವಕ್ಕೇ ಹರಾಜಿಗೆ ಹೋಗುತ್ತಾರೆ. ಅವರ ಗಂಟಲು ಎಂಥದ್ದೆಂದರೆ ಹರಾಜಿನಲ್ಲಿ ಮೈಕು ಬೇಡ.

ಆ ಮನೆಗೆ ಬಾಗಿಲ ಹಿಂದಿನ ಒಂದು ಮೊಳ ಸಾಲದು ಎಂದು ಮೇಸ್ತ್ರಿಗೆ ತೋರಿತಂತೆ. ಮನೆಯ ಅಳತೆಗೆ ತಕ್ಕಂತೆ ಬಾಕಿಯೂ ಇರಬೇಕು. ಮೇಲಿನ ಅಂತಸ್ತಿನ ಹಾಲನ್ನು ಇಡಿಯಾಗಿ ಹಾಗೇ ಬಿಟ್ಟರು. ಒಳಗೆ ಗಾರೆಯಿಲ್ಲ, ನೆಲಕ್ಕೆ ಕಲ್ಲಿಲ್ಲ, ವೈರಿಲ್ಲ, ಬಾಗಿಲೂ ಇಲ್ಲ. ಆದರೆ ಹೊರಗೆ ಬಣ್ಣ ಬಳಿದರು, ಕಿಟಕಿಗೆ ಗಾಜು ಹಾಕಿದರು. ರಸ್ತೆಗೆ ಹರಕಲು ಕಾಣಬಾರದು ಎಂದು ಅಕ್ಕ ಹಟ ಹಿಡಿದಿದ್ದರು. ಹೀಗೆ ಅದು ರಸ್ತೆಯ ಕಡೆಗೆ ಮುಗಿದ ಮನೆ, ಒಳಗಡೆ ಮುಗಿಯದ ಮನೆ ಆಯಿತು.

ಆ ಹೊತ್ತಿಗೆ ಎಲ್ಲ ಕಟ್ಟಡಗಳ ತೆರಿಗೆಯನ್ನು ಹೊಸದಾಗಿ ನಿಗದಿ ಮಾಡಬೇಕೆಂಬ ಆದೇಶ ಬಂತು. ಪ್ರತಿ ಮನೆಯೊಳಗೂ ಹೋಗಿ ಅಳೆಯಬೇಕು, ನಮೂನೆ ತುಂಬಬೇಕು. ನಮೂನೆಯ ಕೊನೆಯಲ್ಲಿ ‘ನೇರಿಲ್ ಪಾರ್ವೈಯಿಟ್ಟೇನ್’ ಎಂದು ತಮಿಳಿನಲ್ಲಿ ಅಚ್ಚಾಗಿರುತ್ತದೆ. ಖುದ್ದಾಗಿ ನೋಡಿದ್ದೇನೆ ಎಂದು ಅರ್ಥ. ಅದರ ಕೆಳಗೆ ಬಿಲ್ ಕಲೆಕ್ಟರ್ ಸಹಿ.

ನಾನು ಒಳಗೆ ಹೋಗಿ ಅಳೆಯಲಿಲ್ಲ. ಇದನ್ನು ನೇರವಾಗಿ ಬರೆಯುತ್ತೇನೆ. ಗಡುವು ಕಡಿಮೆ ಇತ್ತು ಎಂಬುದು ನಿಜ, ಎಲ್ಲರೂ ಹಾಗೇ ಮಾಡುತ್ತಿದ್ದರು ಎಂಬುದೂ ನಿಜ. ಬೈಕು ನಿಲ್ಲಿಸಿ, ಮುಂಭಾಗವನ್ನು ಹೆಜ್ಜೆಯಲ್ಲಿ ಅಳೆದು, ಉದ್ದಕ್ಕೆ ಕಾಂಪೌಂಡು ನೋಡಿ, ಕಿಟಕಿ ಎಣಿಸಿ, ಅಂತಸ್ತಿನಿಂದ ಗುಣಿಸಿ ಬರೆದೆ. ಸಣ್ಣ ಬೀದಿಯ ಮನೆಗಳಿಗೆ ಬೈಕಿನಿಂದಲೂ ಇಳಿಯಲಿಲ್ಲ. ದೊಡ್ಡ ಮನೆಗಳ ವಿಷಯದಲ್ಲಿ ಇನ್ನೊಂದು ಯೋಚನೆಯೂ ಇತ್ತು: ಇಷ್ಟು ದೊಡ್ಡ ಮನೆ ಕಟ್ಟಿದವರಿಗೆ ನಾಲ್ಕು ಅಡಿ ಹೆಚ್ಚಾದರೆ ಏನಾಯಿತು?

ಮಂಡಿ ಅಕ್ಕನ ಮನೆಯ ಮುಂದೆ ನಿಂತು ಬರೆಯುತ್ತಿದ್ದಾಗ ಪೋರ್ಟಿಕೊದಲ್ಲಿ ಮೇಸ್ತ್ರಿ ಇದ್ದರು. ಬಿರುಕು ಬಿಟ್ಟ ಒಂದು ಕಲ್ಲು ತೆಗೆದು ಬೇರೆ ಕೂರಿಸುತ್ತಿದ್ದರು.

“ಒಳಕ್ ಬಾ ತಂಬಿ, ಗೇಟಾಚೆ ಯಾಕ್ ನಿಂತ್ಕಂಡೆ?” ಎಂದು ಕರೆದರು. “ಟೀ ಕುಡ್ದು, ಅಳ್ಕೊಂಡು ಓಗು. ಟೇಪ್ ನಾನ್ ಇಡ್ಕಂತೀನಿ.”

“ಟೈಮ್ ಇಲ್ಲ ಮಾಮ,” ಅಂದೆ. “ಇನ್ನೂ ಮೂರು ಬೀದಿ ಐತೆ.”

ಅವರು ಏನೋ ಹೇಳಲು ಎದ್ದರು. ನಾನು ಬೈಕು ತಿರುಗಿಸಿದ್ದೆ.

ನೋಟೀಸುಗಳು ಹೋದ ಮೇಲೆ ತಕರಾರುಗಳು ಬರತೊಡಗಿದವು. ದೊಡ್ಡ ಮನೆಗಳವರು ಮೊದಲು ಆಡಿಟರ ಹತ್ತಿರ ಓಡಿದರು. ಆಡಿಟರು ಕಾಗದ ನೋಡಿದರು, ಮನೆ ನೋಡಲಿಲ್ಲ. ಕೊನೆಗೆ ಕಟ್ಟಿದವನನ್ನೇ ಕೇಳೋಣ ಎಂದು ಮೇಸ್ತ್ರಿಯ ಹತ್ತಿರ ಬಂದರು. ಮೇಸ್ತ್ರಿ ಡೈರಿ ತೆಗೆದು, ಮನೆಗೆ ಮತ್ತೆ ಹೋಗಿ, ಮತ್ತೆ ಅಳೆದು, ಅರ್ಜಿ ಬರೆದುಕೊಡುತ್ತಿದ್ದರು. ವೀಳ್ಯದೆಲೆ ಅಡಿಕೆಯ ತಟ್ಟೆ, ಬಸ್ ಚಾರ್ಜು, ಇಷ್ಟು ಬಿಟ್ಟು ಬೇರೇನೂ ತೆಗೆದುಕೊಳ್ಳುತ್ತಿರಲಿಲ್ಲ. ಬೇರೆ ವಾರ್ಡುಗಳ ಏಳೆಂಟು ಮನೆಗಳ ಅಂಕಿ ಹೀಗೆ ತಿದ್ದಿಸಿದರು. ಒಂದು ಕಡೆ ಮೇಲ್ಛಾವಣಿಯಿಲ್ಲದ ಟೆರೇಸನ್ನು ಕೋಣೆಯೆಂದು ಸೇರಿಸಿದ್ದರು. ಇನ್ನೊಂದು ಕಡೆ, ಮದುವೆಗೆ ಹಾಕಿದ ಶಾಮಿಯಾನ ನೋಡಿ ವ್ಯಾಪಾರದ ಕಟ್ಟಡ ಎಂದು ಬರೆದಿದ್ದರು.

ಊರಿನವರಿಗೆ ಇದು ಇಷ್ಟವಾಗಲಿಲ್ಲ. ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ ನಾನೇ ಕೇಳಿದ್ದೇನೆ.

“ಏನ್ ಮೇಸ್ತ್ರಿ, ಲಿಫ್ಟ್ ಮನೆಯೋರ್ಗೆ ವರಿ ಕಮ್ಮಿ ಮಾಡ್ಸೋಕೆ ಚಪ್ಲಿ ಸವೆಸ್ತಾ ಇದ್ದೀಯಂತೆ? ನಿಂಗೂ ಒಂದ್ ಲಿಫ್ಟ್ ಆಕ್ಸಿ ಕೊಡ್ತಾರಾ?” ಎಂದು ಅಂಗಡಿಯವನು ಕೆಣಕಿದ. ವರಿ ಅಂದರೆ ನಮ್ಮ ಕಡೆ ತೆರಿಗೆ.

“ನನ್ ಮನೆಗೆ ಮಾಡೀನೇ ಇಲ್ಲ, ಲಿಫ್ಟ್ ಆಕಿದ್ರೆ ಆಕಾಶಕ್ಕೆ ಓಗ್ಬೇಕು,” ಅಂದರು ಮೇಸ್ತ್ರಿ. ಆಮೇಲೆ ಲೋಟ ಕೆಳಗಿಟ್ಟು, “ಅಲ್ಲ ಲೇ, ಉಳ್ಳೋನ ಮನೇಲಿ ಇಲ್ದಿರೋ ರೂಮ್ ಬರ್ದೋನು ನಿನ್ ಮನೇಲಿ ಬರಿಯಲ್ವಾ? ಅವ್ನಾದ್ರೆ ಕೇಳ್ತಾನೆ. ನೀನ್ ಕೇಳ್ತೀಯಾ?” ಎಂದರು.

“ನಾನ್ ಎಲ್ಲಿ ಕೇಳ್ಳಿ, ಅಂಗ್ಡಿ ಯಾರ್ ನೋಡ್ಕಂತಾರೆ?” ಎಂದ ಅಂಗಡಿಯವನು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನನ್ನ ವಾರ್ಡಿನಿಂದ ಬಂದ ತಕರಾರು ಒಂದೇ, ಮಂಡಿ ಅಕ್ಕನದು. ಅದರ ವಿಚಾರಣೆ ಇ.ಓ. ಮೇಡಂ ಅವರ ಕೋಣೆಯಲ್ಲಿ ನಡೆಯಿತು. ಮೇಡಂ ಸೇಲಂ ಕಡೆಯವರು, ಆ ವರ್ಷವೇ ನಮ್ಮ ಕಾರ್ಯನಿರ್ವಾಹಕ ಅಧಿಕಾರಿಯಾಗಿ ಬಂದಿದ್ದರು. ಮಾತು ಕಡಿಮೆ, ಫೈಲನ್ನು ಮೊದಲ ಹಾಳೆಯಿಂದ ಓದುವವರು. ಅಕ್ಕ ಮಂಡಿಯಿಂದ ಸೀದಾ ಬಂದಿದ್ದರು, ಸೆರಗಿನಲ್ಲಿ ಇನ್ನೂ ಟೊಮೇಟೊ ವಾಸನೆ. ಮೇಸ್ತ್ರಿ ಕುರ್ಚಿಯಲ್ಲಿ ಕೂರದೆ ಗೋಡೆಯ ಪಕ್ಕ ನಿಂತಿದ್ದರು. ಗೋಡೆಗೆ ಎರಡು ಸಲ ತಟ್ಟಿದ್ದನ್ನು ನಾನು ನೋಡಿದೆ.

“ಮೇಲಿನ ಹಾಲ್ ಮುಗಿದೇ ಇಲ್ಲ ಅಂತ ಅರ್ಜಿಯಲ್ಲಿದೆ. ವಾಸಕ್ಕೆ ಯೋಗ್ಯವಾಗುವವರೆಗೆ ಅದನ್ನು ಸೇರಿಸುವ ಹಾಗಿಲ್ಲ,” ಎಂದು ಮೇಡಂ ತಮಿಳಿನಲ್ಲಿ ಹೇಳಿದರು; ನಮ್ಮ ಕನ್ನಡ ಅವರಿಗೆ ಅರ್ಥವಾಗುತ್ತಿತ್ತು. ನನ್ನ ನಮೂನೆಯನ್ನು ತಿರುಗಿಸಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. “ಆದರೆ ಇಲ್ಲಿ ಖುದ್ದಾಗಿ ನೋಡಿದ್ದೇನೆ ಅಂತ ಸಹಿಯಿದೆ. ಎರಡರಲ್ಲಿ ಒಂದು ಸುಳ್ಳು. ಈತ ನಿಮ್ಮ ಮನೆಯೊಳಗೆ ಬಂದರಾ ಅಮ್ಮಾ?”

“ನಂಗ್ ಎಂಗ್ ಗೊತ್ತಾಯ್ತದೆ ಮೇಡಂ? ನಾನ್ ಮಂಡೀಲಿ ಇರ್ತೀನಿ,” ಅಂದರು ಅಕ್ಕ. “ಅವತ್ತು ಮನೇಲಿ ಇದ್ದೋರು ಮೇಸ್ತ್ರಣ್ಣ.”

ಮೇಡಂ ಮೇಸ್ತ್ರಿಯ ಕಡೆ ತಿರುಗಿದರು. “ಉಳ್ಳೇ ವಂದಾರಾ?” ಒಳಗೆ ಬಂದರಾ?

ಸುಳ್ಳು ಸಹಿಗೆ ಏನಾಗುತ್ತದೆ ಎಂದು ಆಫೀಸಿನಲ್ಲಿರುವವರಿಗೆಲ್ಲ ಗೊತ್ತು. ನನ್ನ ಕೆಲಸ ಆ ಹೊತ್ತು ಮೇಸ್ತ್ರಿಯ ಒಂದು ಮಾತಿನ ಮೇಲೆ ನಿಂತಿತ್ತು. ಬಂದ ಎಂದು ಅಂದುಬಿಡಲಿ, ಇಲ್ಲವೇ ನೆನಪಿಲ್ಲ ಅನ್ನಲಿ ಎಂದು ಮನಸ್ಸು ಬೇಡುತ್ತಿತ್ತು.

“ಗೇಟ್ ತಂಕ ಬಂದಿದ್ದ ಅಮ್ಮಾ,” ಎಂದರು ಮೇಸ್ತ್ರಿ, ನಿಧಾನವಾಗಿ. “ನಾನ್ ಕರ್ದೆ. ಟೈಮ್ ಇಲ್ಲ ಅಂದ. ಒಳಕ್ ಬರ್ಲಿಲ್ಲ.” ನನ್ನ ಕಡೆ ಕೈ ತೋರಿಸಿ, “ಇವತ್ತು ಟೈಮ್ ಐತಾ ಅಂತ ಕೇಳಿ,” ಎಂದರು.

ಮೇಡಂ ನನ್ನನ್ನು ನೋಡಿದರು. “ಇದೆ,” ಅಂದೆ.

ಅದೇ ಮಧ್ಯಾಹ್ನ ನಾಲ್ವರೂ ಆ ಮನೆಗೆ ಹೋದೆವು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮೇಸ್ತ್ರಿ, “ಮೊದ್ಲು ನೀರ್ ಕೇಳು. ನೀರ್ ಕುಡಿಯೋ ಒತ್ನಲ್ಲಿ ಮನೆ ಅರ್ಥ ಆಯ್ತದೆ,” ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನು ಅವರ ಮುಖ ನೋಡಲಿಲ್ಲ. ಟೇಪು ನನ್ನ ಕೈಗೆ ಕೊಟ್ಟರು, ತಾವು ಇನ್ನೊಂದು ತುದಿ ಹಿಡಿದರು. ಮೊದಲನೆಯ ಕೋಣೆಯ ಅಂಕಿಯನ್ನು ನಾನು ಓದಿದಾಗ, “ಒಂದಡಿ ಕಳೀ ತಂಬಿ!” ಎಂದು ಕೂಗಿದರು. ಕಳೆಯುವುದನ್ನು ಮರೆತಿದ್ದೆ.

“ನೋಡಿ ಮೇಡಂ, ಕಟ್ಟಿದೋನ ಮುಂದೇನೇ ಬೆಳೆಸ್ತಾವ್ನೆ. ನಾನ್ ಇಲ್ದಿದ್ರೆ ಇನ್ನೆಷ್ಟು ಬೆಳೆಸ್ತಿದ್ನೋ!” ಎಂದರು ಅಕ್ಕ.

ಮೇಲಿನ ಹಾಲಿನಲ್ಲಿ ಮರಳು ಬಿದ್ದಿತ್ತು, ಹಳೆಯ ಸಾರುವೆ ಮರಗಳನ್ನು ಮೂಲೆಗೆ ಒರಗಿಸಿತ್ತು. ಹೊರಗಿನಿಂದ ನಾನು ಎಣಿಸಿದ್ದ ಆರು ಕಿಟಕಿಗಳು ಒಳಗಿನಿಂದ ಇಟ್ಟಿಗೆಯ ಕಂಡಿಗಳಾಗಿ ಕಂಡವು. ಮೇಡಂ ಒಂದು ನಿಮಿಷ ನೋಡಿ, ಬರೆದುಕೊಂಡರು. ಅಷ್ಟು ದೊಡ್ಡ ಹಾಲ್ ಲೆಕ್ಕದಿಂದ ಬಿದ್ದುಹೋಯಿತು. ಅಕ್ಕನಿಗೆ ಗೆದ್ದ ಸಂತೋಷ. ಟೀ ತರಲು ಕೂಗಿದರು.

“ಮುಗೀಲಿಲ್ಲ ತಾಯಿ,” ಎಂದರು ಮೇಸ್ತ್ರಿ. “ಮನೆ ಇಂದ್ಗಡೆ ಐತಲ್ಲ, ಜನರೇಟರ್ ರೂಮು, ಕೆಲ್ಸದೋರ ಅಡ್ಗೆಮನೆ. ಆಮೇಲೆ ಕಟ್ಟಿದ್ದು. ಅದು ನೋಟೀಸಲ್ಲಿ ಇಲ್ಲ. ಅದ್ನೂ ಅಳೀಬೇಕು.”

ಬಂದ ಟೀ ಲೋಟವನ್ನು ಅಕ್ಕ ತಟ್ಟೆಗೇ ವಾಪಸ್ಸಿಟ್ಟರು. “ಏನ್ ಮೇಸ್ತ್ರಣ್ಣ, ನೀನ್ ಯಾರ್ ಕಡೆ ಬಂದಿರೋದು? ಕಮ್ಮಿ ಮಾಡ್ಸಕ್ ಕರ್ಕೊಂಡ್ ಬಂದ್ರೆ ಇವ್ನು ಮನೆ ಇತ್ಲಲ್ಲಿ ಉಡುಕ್ತಾನೆ!”

“ಇಲ್ದಿದ್ದನ್ನ ತೆಗ್ಸಿ ಅಂದ್ರಿ, ತೆಗ್ಸ್ದೆ. ಇರೋದನ್ನ ನಂಗ್ ಗೊತ್ತಿಲ್ಲ ಅನ್ನಕ್ಕೆ ಆಯ್ತದಾ? ನಾನೇ ಕಟ್ಟಿದ್ದಲ್ವಾ.”

ಎರಡನ್ನೂ ಸೇರಿಸಿ, ಕಳೆದು ನೋಡಿದಾಗ ತೆರಿಗೆ ಕಡಿಮೆಯೇ ಆಯಿತು. ಆದರೂ ಅಕ್ಕ ಆ ದಿನದಿಂದ ಮೇಸ್ತ್ರಿಯನ್ನು ಯಾವ ಕೆಲಸಕ್ಕೂ ಕರೆಯಲಿಲ್ಲ. ಸುದ್ದಿ ಬೀದಿಯಲ್ಲೆಲ್ಲ ಹಬ್ಬಿತು. ಅರ್ಜಿ ಬರೆಸಲು ಅವರ ಹತ್ತಿರ ಬರುವವರೂ ನಿಂತರು. ಅದರ ಬಗ್ಗೆ ಮೇಸ್ತ್ರಿ ಯಾರ ಹತ್ತಿರವೂ ಒಂದು ಮಾತು ಆಡಿದ್ದನ್ನು ನಾನು ಕೇಳಿಲ್ಲ.

ಅವತ್ತು ಹೊರಡುವಾಗ ಗೇಟಿನ ಹತ್ತಿರ ಮೇಡಂ ನನಗೆ ಹೇಳಿದ್ದು ಮೇಸ್ತ್ರಿಗೂ ಕೇಳಿಸಿತು. “ಈ ಸಲ ಮೆಮೊ ಕೊಡುತ್ತೇನೆ, ಉತ್ತರ ಬರೆಯಿರಿ. ನಿಮ್ಮ ಸಹಿಯ ಮೇಲೆ ಇಂಥದ್ದು ಇನ್ನೊಂದು ತಕರಾರು ಬಂದರೆ ಸಸ್ಪೆಂಡ್. ನನ್ನ ಹತ್ತಿರ ಬಂದು ನಿಲ್ಲಬೇಡಿ.”

ಆ ಬೀದಿಯ ಉಳಿದ ದೊಡ್ಡ ಮನೆಗಳನ್ನು ಬೇರೊಬ್ಬರಿಂದ ಮತ್ತೆ ಅಳೆಸಿದರು. ಸಣ್ಣ ಬೀದಿಗಳಿಂದ ತಕರಾರು ಬರಲಿಲ್ಲ. ತಕರಾರು ಬಂದಿಲ್ಲ ಎಂದರೆ ಸರಿಯಿದೆ ಎಂದು ಎಲ್ಲರೂ ಅಂದುಕೊಂಡೆವು.

ಮೇಸ್ತ್ರಿಯ ಜತೆ ನಾನು ಐದಾರು ತಿಂಗಳು ಮಾತಾಡಲಿಲ್ಲ. ಟೀ ಅಂಗಡಿಯಲ್ಲಿ ಅವರು ಇದ್ದರೆ ನಾನು ಆಚೆಯ ಅಂಗಡಿಗೆ ಹೋಗುತ್ತಿದ್ದೆ. ಅವರು ಒಂದು ಮಾತು ನುಂಗಿಕೊಂಡಿದ್ದರೆ ನನ್ನ ಸರ್ವೀಸ್ ಪುಸ್ತಕದಲ್ಲಿ ಆ ಮಸಿ ಇರುತ್ತಿರಲಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಅವರು ಎರಡು ಸಲ ಕೈ ಎತ್ತಿ ಕರೆದರು. ನೋಡದವನಂತೆ ಹೋದೆ. ತಕರಾರು ಕೊಡುವ ಗಡುವು ಆ ನಡುವೆಯೇ ಮುಗಿಯಿತು.

ಆಮೇಲೆ ಹೇಗೋ ಸರಿಹೋಯಿತು. ಒಂದು ದಿನ ನನ್ನ ಮಗಳ ಶಾಲೆಯ ಕಾಂಪೌಂಡು ಗೋಡೆ ವಾಲಿದ್ದನ್ನು ನೋಡಿ, ಯಾರನ್ನು ಕೇಳುವುದು ಎಂದು ಯೋಚಿಸುತ್ತಾ ನನಗೆ ಗೊತ್ತಿಲ್ಲದೆಯೇ ಟೀ ಅಂಗಡಿಯಲ್ಲಿ ಅವರು ಕೂರುವ ಬೆಂಚಿಗೆ ಹೋಗಿ ಕೂತಿದ್ದೆ. ಅವರು ಏನೂ ನಡೆದೇ ಇಲ್ಲ ಎನ್ನುವಂತೆ ಜರುಗಿ ಜಾಗ ಕೊಟ್ಟರು. “ಗೋಡೆ ವಾಲಿದ್ರೆ ತಳ ನೋಡು, ತಲೆ ನೋಡ್ಬ್ಯಾಡ,” ಎಂದು ಶುರು ಮಾಡಿದರು. ಅಲ್ಲಿಂದ ಮೂರು ವರ್ಷ ದಿನಾ ಬೆಳಗ್ಗೆ ಒಂದು ಟೀ ಒಟ್ಟಿಗೆ ಕುಡಿದೆವು. ಹೊಸ ಮನೆಯ ಅರ್ಜಿ ಬಂದರೆ ನಾನು ಒಳಗೆ ಹೋಗುತ್ತೇನೆ, ನೀರು ಕೇಳುತ್ತೇನೆ, ಪ್ರತಿ ಗೋಡೆಯನ್ನೂ ಎರಡು ಸಲ ಅಳೆಯುತ್ತೇನೆ. ಸಂಜೆ ಆ ಅಂಕಿಗಳನ್ನು ಹೇಳಿದರೆ ಅವರು ಕಣ್ಣು ಮುಚ್ಚಿ ಮನೆಯನ್ನು ನೆನೆಸಿಕೊಂಡು, “ಸರಿ ಇರ್ಬೇಕು,” ಅನ್ನುತ್ತಿದ್ದರು. ಅವರ ಮನೆ ಟೀ ಅಂಗಡಿಯ ಹಿಂದಿನ ಬೀದಿಯಲ್ಲೇ. ಆ ಮೂರು ವರ್ಷದಲ್ಲಿ ಒಂದು ದಿನವೂ ನಾನು ಒಳಗೆ ಹೋಗಲಿಲ್ಲ. ಅವರು ಕರೆಯಲೂ ಇಲ್ಲ. ಮಿಕ್ಕವರನ್ನೆಲ್ಲ ಮನೆಗೆ ಕರೆಯುವ ಮನುಷ್ಯ ನನ್ನನ್ನು ಮಾತ್ರ ಯಾಕೆ ಕರೆಯಲಿಲ್ಲ ಎಂದು ನಾನು ಯೋಚಿಸಲಿಲ್ಲ.

ಅವರು ಹೋದದ್ದು ಒಂದು ಬುಧವಾರ. ಬೆಳಗ್ಗೆ ಟೀ ಕುಡಿಯುವಾಗ ಎದೆ ಹಿಡಿದಂತೆ ಆಯಿತು ಅಂದರು. ಧರ್ಮಪುರಿಗೆ ಹೋಗುವ ಆಂಬುಲೆನ್ಸಿನಲ್ಲಿ ನಾನೂ ಇದ್ದೆ. ಅರ್ಧ ದಾರಿಯಲ್ಲಿ ಕಿಟಕಿಯ ಕಡೆ ಕೈ ತೋರಿಸಿ, “ಅದ್ ನಾನ್ ಕಟ್ಟಿದ್ದು,” ಎಂದರು. ಯಾವುದನ್ನು ತೋರಿಸಿದರು ಎಂದು ನಾನು ಬಗ್ಗಿ ನೋಡುವಷ್ಟರಲ್ಲಿ ಕಟ್ಟಡ ಹಿಂದಕ್ಕೆ ಹೋಗಿತ್ತು. ಅದಾದ ಮೇಲೆ ಅವರು ಮಾತಾಡಲಿಲ್ಲ.

ಸಾವಿನ ದಿನ ಅವರನ್ನು ಬೀದಿಯಲ್ಲೇ ಶಾಮಿಯಾನದ ಕೆಳಗೆ ಮಲಗಿಸಿದ್ದರು. ಹಾಗಾಗಿ ಆಗಲೂ ಒಳಗೆ ಹೋಗುವ ಸಂದರ್ಭ ಬರಲಿಲ್ಲ.

ಅರ್ಜಿ ಬಂದ ದಿನ ಟೇಪು ತೆಗೆದುಕೊಂಡು ಎದ್ದದ್ದು ಇಷ್ಟಕ್ಕೇ. ಸಹಿ ಹಾಕಲು ಫೈಲು ತೆಗೆದಾಗ ಹಿಂದಿನ ನಮೂನೆ ಸಿಕ್ಕಿತು. ಮುಂದಿನ ಭಾಗ ಎರಡು ಕೋಣೆ, ಅಡುಗೆಮನೆ. ಬಲಗಡೆ ರಸ್ತೆಗೆ ಹೊಂದಿದಂತೆ ಒಂದು ದೊಡ್ಡ ಕೋಣೆ, ಎರಡು ಕಿಟಕಿ. ಅಕ್ಷರ ನನ್ನದು. ಕೊನೆಯಲ್ಲಿ ‘ಖುದ್ದಾಗಿ ನೋಡಿದ್ದೇನೆ’, ಅದರ ಕೆಳಗೆ ನನ್ನ ಸಹಿ. ಆ ಮನೆಯನ್ನು ನಾನು ಖುದ್ದಾಗಿ ನೋಡಿಲ್ಲ ಎಂದು ನೆನಪಾಯಿತು.

ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಮೇಸ್ತ್ರಿಯ ಹೆಂಡತಿ ಸೊಪ್ಪು ಬಿಡಿಸುತ್ತಾ ಕೂತಿದ್ದರು.

“ಬಾಪ್ಪಾ,” ಎಂದರು. “ಕಾಗ್ದ ಏನಾರಾ ಕಮ್ಮಿ ಐತಾ?”

“ಇಲ್ಲ ಅತ್ತೆ. ಕುಡಿಯೋಕ್ ನೀರ್ ಕೊಡಿ.”

ನೀರು ಕುಡಿದೆ. ಮುಂದಿನ ಕೋಣೆ ಅಳೆದೆ, ಒಳಗಿನದನ್ನು ಅಳೆದೆ. ಅತ್ತೆ ಟೇಪಿನ ಇನ್ನೊಂದು ತುದಿಯನ್ನು ಒಂದಡಿಯ ಗೆರೆಯಲ್ಲಿ ಹಿಡಿದರು. ಅವರಿಗೂ ಹಾಗೆಯೇ ಅಭ್ಯಾಸ. ಅಡುಗೆಮನೆ ಆದ ಮೇಲೆ, “ಆ ಕಡೆಯ ರೂಮು?” ಎಂದೆ.

“ಯಾವ್ ರೂಮು?”

“ರೋಡ್ ಕಡೆಗೆ ಎರಡು ಕಿಟ್ಕಿ ಐತಲ್ಲ.”

ಅತ್ತೆ ಬಲಗಡೆಯ ಬಾಗಿಲು ತೆರೆದರು. ಆಚೆ ಅಂಗಳ. ಒಂದು ಬಟ್ಟೆ ಒಗೆಯುವ ಕಲ್ಲು, ನುಗ್ಗೆಮರ, ತಂತಿಯ ಮೇಲೆ ಸೀರೆ. ರಸ್ತೆಯ ಕಡೆಗೆ ಒಂದೇ ಒಂದು ಗೋಡೆ, ಆಳೆತ್ತರಕ್ಕಿಂತ ಹೆಚ್ಚು, ಹೊರಗಡೆ ಬಣ್ಣ, ಒಳಗಡೆ ಇಟ್ಟಿಗೆ. ಅದರಲ್ಲಿ ಎರಡು ಕಿಟಕಿಗಳು, ಒಳ್ಳೆಯ ಮರದ ಬಾಗಿಲುಗಳ ಸಮೇತ. ಆ ಗೋಡೆಗೆ ಜೊತೆಯಾಗಿ ಬೇರೆ ಗೋಡೆಯಿಲ್ಲ. ಮೇಲೆ ಸ್ಲ್ಯಾಬಿಲ್ಲ. ಕಿಟಕಿಯಿಂದ ಬೀದಿ ಕಾಣುತ್ತಿತ್ತು, ನಾನು ನಿಲ್ಲಿಸಿದ್ದ ಬೈಕೂ ಕಾಣುತ್ತಿತ್ತು.

“ಮಗಳ ಬಾಣಂತನಕ್ಕೆ ಅಂತ ಒಂದ್ ರೂಮು ಕಟ್ಟಕ್ ಇಡಿದ್ರು,” ಎಂದರು ಅತ್ತೆ. “ಒಂದ್ ಗೋಡೆ ಎತ್ತಿ ಕಿಟ್ಕಿ ಕೂರ್ಸಿದ್ರು. ಅಷ್ಟ್ರಲ್ಲಿ ಮಂಡಿಯಮ್ಮನ ಮನೆ ಕೆಲ್ಸ ಬಂತು, ಅಲ್ಲಿಗ್ ಓದ್ರು. ನಿಮ್ ಮನೆ ಎಂದ್ ಮುಗೀತದೆ ಅಂದ್ರೆ, ಮುಗೀಬಾರ್ದು ಕಣೇ ಅಂತ ನಗೋರು.”

“ಕಿಟ್ಕಿ ತೆಗ್ದು ಮುಚ್ಚಿ ಮಾಡ್ತೀರಾ?” ಎಂದು ಕೇಳಿದೆ. ಆ ದಿನ ಬೈಕಿನ ಮೇಲಿಂದ ನೋಡಿದಾಗ ಒಂದು ಕಿಟಕಿ ತೆರೆದಿತ್ತು, ಒಂದು ಮುಚ್ಚಿತ್ತು. ಯಾರೋ ವಾಸವಿದ್ದಾರೆ ಎಂದು ನಾನು ಬರೆದದ್ದು ಅದನ್ನು ನೋಡಿಯೇ.

“ಗಾಳಿಗ್ ತೆಗೀತೀನಿ. ಸಂಜೆ ಮುಚ್ತೀನಿ. ಇಲ್ಲಿ ಮೈ ತೊಳ್ಕಂತೀವಲ್ಲಪ್ಪ.”

ಮೂರು ವರ್ಷಕ್ಕೂ ಹೆಚ್ಚು ಕಾಲ, ಆರು ತಿಂಗಳಿಗೊಮ್ಮೆ, ಈ ಅಂಗಳದ ಮೇಲಿನ ಬಯಲಿಗೆ ಮೇಸ್ತ್ರಿ ತೆರಿಗೆ ಕಟ್ಟಿದ್ದರು. ರಸೀದಿ ಹರಿದುಕೊಟ್ಟವನು ನಾನೇ.

“ಮಾಮ ಯಾಕೆ ತಕರಾರು ಕೊಡಲಿಲ್ಲ ಅತ್ತೆ? ಊರಿಗೆಲ್ಲ ಬರೆದುಕೊಟ್ಟರು.”

ಅತ್ತೆ ಒಳಗೆ ಹೋಗಿ ಡೈರಿಗಳನ್ನು ಇಟ್ಟಿದ್ದ ಬಟ್ಟೆಯ ಚೀಲ ತಂದರು. ಅದರಲ್ಲಿ ನಾಲ್ಕಾಗಿ ಮಡಿಸಿದ ಒಂದು ಹಾಳೆ ಇತ್ತು. ತಮಿಳಿನಲ್ಲಿ ಬರೆದ ತಕರಾರು ಅರ್ಜಿ, ಸಹಿ ಹಾಕಿದ್ದು. ಮಂಡಿ ಅಕ್ಕನ ಮನೆಯ ವಿಚಾರಣೆಯ ಹಿಂದಿನ ದಿನದ ತಾರೀಕು. ಕಾರಣ ಎಂಬ ಕಡೆ ಮೂರೇ ವಾಕ್ಯ: ಕಿಟಕಿ ಎರಡು ಇವೆ. ಹಿಂದೆ ಕೋಣೆ ಇಲ್ಲ. ದಯವಿಟ್ಟು ಒಳಗೆ ಬಂದು ನೋಡಬೇಕು. ಕೆಳಗೆ ಚಪ್ಪಟೆ ಪೆನ್ಸಿಲ್ಲಿನಲ್ಲಿ, ತಮಿಳು ಅಕ್ಷರದಲ್ಲಿ, ನಮ್ಮ ಮನೆಯ ಮಾತು ಒಂದೇ ಒಂದು: ಬ್ಯಾಡ.

“ಅವತ್ತು ಮಂಡಿಯಮ್ಮನ ಮನೆಯಿಂದ ಬಂದೋರು ಇದ್ನ ತೆಗ್ದು ನೋಡ್ತಾ ಕೂತಿದ್ರು,” ಎಂದರು ಅತ್ತೆ. “ನಾಳೆ ಕೊಟ್ಬಿಡಿ, ದಿನ ಮೀರೋಯ್ತದೆ ಅಂದೆ. ಇನ್ನೊಂದ್ ತಕರಾರು ಓದ್ರೆ ಆ ಉಡುಗನ ಕೆಲ್ಸ ಓಗ್ತದಂತೆ ಕಣೇ, ಆ ಮೇಡಂ ಅಂದಿದ್ದು ನಾನ್ ಕೇಳ್ಸ್ಕೊಂಡೆ. ಅಲ್ಲಿ ಒಳಕ್ ಬಂದ್ನಾ ಅಂತ ಕೇಳಿದ್ರು, ಸುಳ್ಳೇಳಕ್ಕೆ ಆಗ್ಲಿಲ್ಲ. ಇದನ್ನ ಯಾರೂ ಕೇಳ್ಲಿಲ್ಲವಲ್ಲ ಅಂದ್ರು. ಮಡಚಿ ಇಟ್ರು. ನಾಕ್ ಕಾಸು ಓದ್ರೆ ಓಗ್ಲಿ ಅಂತ.” ಆಮೇಲೆ, “ನೀನ್ ಮನೆಗ್ ಬಂದ್ರೆ ಕಂಡ್ಬಿಡ್ತದೆ ಅಂತ ನಿನ್ನ ಕರೀಲೂ ಇಲ್ಲ. ನಂಗೇ ಬೇಜಾರಾಯ್ತಿತ್ತು,” ಎಂದರು.

ನಾನು ಒಗೆಯುವ ಕಲ್ಲಿನ ಮೇಲೆ ಕೂತೆ. ಆಮೇಲೆ ಹೊಸ ನಮೂನೆ ತೆಗೆದು, ಎರಡು ಕೋಣೆ ಮತ್ತು ಅಡುಗೆಮನೆಯ ಅಳತೆ ಬರೆದೆ, ಪ್ರತಿಯೊಂದರಲ್ಲೂ ಒಂದಡಿ ಕಳೆದೆ. ಬೇರೆ ಹಾಳೆಯಲ್ಲಿ ಇ.ಓ. ಮೇಡಂ ಅವರಿಗೆ ಒಂದು ಪತ್ರ ಬರೆದೆ: ಈ ಮನೆಯ ಹಿಂದಿನ ಅಳತೆಯನ್ನು ನಾನು ರಸ್ತೆಯಿಂದ ನೋಡಿ ಬರೆದದ್ದು, ಒಳಗೆ ಬಂದಿರಲಿಲ್ಲ, ಸಣ್ಣ ಬೀದಿಗಳ ಬೇರೆ ಮನೆಗಳದ್ದೂ ಹೀಗೆಯೇ, ಎಲ್ಲವನ್ನೂ ಮತ್ತೆ ಅಳೆಯಬೇಕು. ಮೇಸ್ತ್ರಿಯ ಅರ್ಜಿಯನ್ನು ಅದಕ್ಕೆ ಲಗತ್ತಿಸುತ್ತೇನೆ ಎಂದಾಗ ಅತ್ತೆ ಬೇಡ ಅಂದರು. “ಅವ್ರೇ ಬ್ಯಾಡ ಅಂತ ಬರ್ದವ್ರಲ್ಲ.” ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿದರು.

ಆ ಪತ್ರ ಈಗ ಮೇಡಂ ಅವರ ಮೇಜಿನ ಮೇಲಿದೆ. ಉತ್ತರ ಇನ್ನೂ ಬಂದಿಲ್ಲ.

ಅವತ್ತು ನಮೂನೆಯ ಕೊನೆಯ ಸಾಲಿನ ಕೆಳಗೆ ಸಹಿ ಹಾಕುವ ಹೊತ್ತಿಗೆ ಸಂಜೆಯಾಗಿತ್ತು. ಅತ್ತೆ ಎದ್ದು ಹೋಗಿ ಮೊದಲು ಒಂದು ಕಿಟಕಿ, ಆಮೇಲೆ ಇನ್ನೊಂದು ಕಿಟಕಿ ಎಳೆದು ಚಿಲಕ ಹಾಕಿದರು. ಬೀದಿಯಲ್ಲಿ ಯಾರೋ ಬೈಕಿನಲ್ಲಿ ಹೋದ ಸದ್ದು ಕೇಳಿಸಿತು. ಹೊರಗಿನಿಂದ ನೋಡಿದ್ದರೆ ಅವರಿಗೂ ಅದು ಒಂದು ಕೋಣೆಯಂತೆಯೇ ಕಂಡಿರಬೇಕು.